ಟರ್ಬೊ ಎಷ್ಟು ದೊಡ್ಡದಿರಬೇಕು? - ನೂರು ವರ್ಷದ ಒಂದು ಕಥೆ

ಲಾರಿ ಬಸ್ಸುಗಳ ಮೈಮೇಲೆ ದಪ್ಪಕ್ಷರದಲ್ಲಿ ಬರೆದದ್ದನ್ನು ಓದಿಯೇ ನಮ್ಮಲ್ಲಿ ಹೆಚ್ಚಿನವರಿಗೆ 'ಟರ್ಬೊ' ಎಂಬ ಪದದ ಪರಿಚಯ. ಟರ್ಬೊ ಅಂದರೆ ಜೋರು, ಅಷ್ಟೇ! ಹಾಗಾಗಿ ಹಳೆಯ ಕಾರಿನ ಎಂಜಿನ್ನಿಗೆ ಕಡಿಮೆ ಖರ್ಚಿನಲ್ಲಿ ಟರ್ಬೊ ಕೂರಿಸುವ ಹುಚ್ಚು ಹತ್ತಿದವರು ಮೊದಲು ಹುಡುಕುವುದು ಸಿಗುವುದರಲ್ಲಿ ಅತಿ ದೊಡ್ಡದನ್ನು. ರೇಸಿಗೆ ಮಾತ್ರ ಹೊರತೆಗೆಯುವ ಕಾರಾದರೆ ಸರಿ. ದಿನಾ ಆಫೀಸಿಗೆ ಹೋಗಿ, ಬರುವಾಗ ತರಕಾರಿ ತರುವ ಕಾರಿಗೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ದೊಡ್ಡ ದೊಡ್ಡ ಕಾರು ಕಂಪನಿಗಳಿಗೇ 1962ರಿಂದ 1977ರವರೆಗೆ ಹದಿನೈದು ವರ್ಷ ಬೇಕಾಯಿತು. ಆ ಕಥೆ ತಿಳಿದುಕೊಂಡರೆ ನಮ್ಮ ದುಡ್ಡು ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ.

ಟರ್ಬೊ ಎಂದರೆ ಒಂದೇ ದಂಡಕ್ಕೆ ಸಿಕ್ಕಿಸಿದ ಎರಡು ಚಕ್ರ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿಯೂ ಹೆಚ್ಚು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಹೀಗೆ ಬಿಟ್ಟಿ ಹೋಗುವ ಹೊಗೆಯಿಂದ ಕೆಲಸ ಮಾಡಿಸುವ ಯೋಚನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದಕ್ಕೆ ಫಲ ಸಿಕ್ಕಿದ್ದು 1920ರ ದಶಕದಲ್ಲಿ. ಜರ್ಮನಿಯ ಎರಡು ಹಡಗುಗಳ ಡೀಸೆಲ್ ಎಂಜಿನ್ನುಗಳು 1,750ರ ಬದಲು 2,500 ಅಶ್ವಶಕ್ತಿ ಕೊಟ್ಟವು.

ಅದಕ್ಕೂ ಮೊದಲೇ, 1918ರಲ್ಲಿ, ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಪೈಕ್ಸ್ ಪೀಕ್ ಎಂಬ ಬೆಟ್ಟದ ಮೇಲೆ, ಸುಮಾರು 14,000 ಅಡಿ ಎತ್ತರಕ್ಕೆ ಒಯ್ದಿದ್ದ. ನೆಲಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಲಿಬರ್ಟಿ ಎಂಜಿನ್ ಅಲ್ಲಿ ತೆಳು ಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ 356!

ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಹಡಗು, ವಿಮಾನಗಳ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಒಮ್ಮೆ ತಿರುಗಲು ಶುರುವಾದ ಟರ್ಬೊ ತಿರುಗುತ್ತಲೇ ಇರುತ್ತದೆ. ಕಾರಿನ ಕಥೆ ಹಾಗಲ್ಲ. ಸಿಗ್ನಲ್, ಹಂಪ್, ಎಮ್ಮೆ, ಮತ್ತೆ ಸಿಗ್ನಲ್... ಆಕ್ಸಿಲರೇಟರ್ ತುಳಿದಾಗಲೆಲ್ಲ ಟರ್ಬೊ ಹೊಸದಾಗಿ ಎಚ್ಚರಗೊಳ್ಳಬೇಕು. ತುಳಿದದ್ದಕ್ಕೂ ಶಕ್ತಿ ಬಂದದ್ದಕ್ಕೂ ನಡುವಿನ ಈ ಕಾಯುವಿಕೆಯೇ 'ಲ್ಯಾಗ್'. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಹೆಚ್ಚು ಹೊಗೆ ಬೇಕು, ಕಾಯುವಿಕೆಯೂ ಹೆಚ್ಚು.

ಅಂಗಡಿಗೆ ಬಂದ ಮೊದಲ ಟರ್ಬೊ ಕಾರುಗಳು 1962ರ ಎರಡು ಅಮೆರಿಕನ್ ಕಾರುಗಳು: ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರಲೆ ಕಾರ್ವೇರ್ ಮೊಂಜಾ ಸ್ಪೈಡರ್. ಜೆಟ್‌ಫೈರಿನವರು ಎಂಜಿನ್ನಿನ ಕಂಪ್ರೆಶನ್ನನ್ನು 10.25ರಷ್ಟು ಎತ್ತರದಲ್ಲೇ ಇಟ್ಟರು. ಅದರ ಮೇಲೆ ಟರ್ಬೊ ಒತ್ತಡವೂ ಸೇರಿದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿದು 'ನಾಕಿಂಗ್' ಆಗುತ್ತದೆ. ಅದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಚಿಮುಕಿಸುವ ಏರ್ಪಾಡು ಮಾಡಿದರು. ಅದಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂಬ ಭರ್ಜರಿ ಹೆಸರು ಬೇರೆ! ಆದರೆ ಎಂಜಿನ್ ಆಯಿಲನ್ನೇ ನೋಡದ ಜನ ಈ ದ್ರವವನ್ನು ತುಂಬುತ್ತಾರೆಯೇ? ಸುಮಾರು 9,600 ಕಾರು ಮಾರಿ ಎರಡೇ ವರ್ಷಕ್ಕೆ ಅಂಗಡಿ ಮುಚ್ಚಿದರು. 1965ರಲ್ಲಿ ಕಂಪನಿಯೇ ಮಾಲೀಕರ ಕಾರುಗಳಿಂದ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬುರೇಟರ್ ಹಾಕಿಕೊಡಲು ಮುಂದಾಯಿತು. ಇದರಿಂದ ಸಿಗುವ ಮೊದಲ ಪಾಠ: ದಿನಬಳಕೆಯ ಕಾರಿಗೆ ದಿನಾ ಆರೈಕೆ ಕೇಳುವ ಏರ್ಪಾಡು ಕೂಡದು.

ಮುಂದೆ ಜರ್ಮನಿಯವರ ಸರದಿ. 1973ರಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಬಂತು. 2 ಲೀಟರ್, 170 ಅಶ್ವಶಕ್ತಿ. ಮುಂದಿನ ಕಾರಿನವನು ಕನ್ನಡಿಯಲ್ಲಿ ನೋಡಿ ದಾರಿ ಬಿಡಲಿ ಎಂದು ಮೂತಿಯ ಮೇಲೆ ಹೆಸರನ್ನು ಉಲ್ಟಾ ಬರೆದಿದ್ದರು! ನಾಕಿಂಗ್ ತಪ್ಪಿಸಲು ಕಂಪ್ರೆಶನ್ನನ್ನು 6.9ಕ್ಕೆ ಇಳಿಸಿದ್ದರಿಂದ ಟರ್ಬೊ ಏಳುವವರೆಗೆ ಕಾರು ಮಂಕು. 4,000 ಸುತ್ತಿನ ಆಸುಪಾಸಿನಲ್ಲಿ ಬೆನ್ನಿಗೆ ಒದ್ದ ಹಾಗೆ ಶಕ್ತಿ. ಅದೇ ಹೊತ್ತಿಗೆ ತೈಲ ಬಿಕ್ಕಟ್ಟೂ ಬಂದು 1,672 ಕಾರುಗಳಿಗೇ ಮುಗಿಯಿತು. 1975ರ ಪೋರ್ಶ 911 ಟರ್ಬೊ 260 ಅಶ್ವಶಕ್ತಿಯ ಅದ್ಭುತ ಕಾರೇ. ಆದರೆ ತಿರುವಿನ ನಡುವೆ ಇದ್ದಕ್ಕಿದ್ದಂತೆ ಬೂಸ್ಟ್ ಬಂದು ಹಿಂದಿನ ಚಕ್ರ ಜಾರುತ್ತಿದ್ದುದರಿಂದ ಅದಕ್ಕೆ 'ವಿಧವೆಯರನ್ನು ಮಾಡುವ ಕಾರು' ಎಂಬ ಅಡ್ಡಹೆಸರು ಬಂತು. ಲ್ಯಾಗ್ ಬರೀ ಕಿರಿಕಿರಿಯಲ್ಲ, ಮಳೆ ಬಿದ್ದ ಘಾಟಿ ರಸ್ತೆಯಲ್ಲಿ ಪ್ರಾಣದ ಪ್ರಶ್ನೆ.

ಈ ಗಂಟು ಬಿಡಿಸಿದ್ದು ಸ್ವೀಡನ್ನಿನ ಸಾಬ್. ಸಾಬ್ ಕಂಪನಿ 1969ರಲ್ಲಿ ಸ್ಕಾನಿಯಾ ಲಾರಿ ಕಂಪನಿಯ ಜತೆ ಒಂದಾಗಿತ್ತು. ಅದೇ ವರ್ಷ ಸ್ಕಾನಿಯಾ 14 ಲೀಟರಿನ, 350 ಅಶ್ವಶಕ್ತಿಯ ಟರ್ಬೊ ಡೀಸೆಲ್ ಎಂಜಿನ್ ತಂದಿತ್ತು. ಹೀಗೆ ಟರ್ಬೊ ಜ್ಞಾನ ಮನೆಯಲ್ಲೇ ಇತ್ತು. ಸಾಬ್ ಎಂಜಿನಿಯರುಗಳು "ಗರಿಷ್ಠ ವೇಗ ಎಷ್ಟು?" ಎಂದು ಕೇಳಲಿಲ್ಲ. "ಲಾರಿಯೊಂದನ್ನು ಸುರಕ್ಷಿತವಾಗಿ ಓವರ್‌ಟೇಕ್ ಮಾಡಲು ಏನು ಬೇಕು?" ಎಂದು ಕೇಳಿದರು. ಉತ್ತರ: ಚಿಕ್ಕ ಟರ್ಬೊ. ಚಿಕ್ಕದು ಬೇಗ ಏಳುತ್ತದೆ, ಆದರೆ ಎಂಜಿನ್ ಜೋರಾಗಿ ಓಡುವಾಗ ಒತ್ತಡ ಮಿತಿಮೀರುತ್ತದಲ್ಲ? ಅದಕ್ಕೆ 'ವೇಸ್ಟ್‌ಗೇಟ್' ಇಟ್ಟರು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಹೋಗುವ ಹಾಗೆ, ಬೇಕಾದಷ್ಟು ಒತ್ತಡ ಬಂದ ಮೇಲೆ ಉಳಿದ ಹೊಗೆ ಟರ್ಬೊವನ್ನು ಬಳಸಿಕೊಂಡು ಹೊರಗೆ ಹೋಗುತ್ತದೆ. ಕೋಡಿ ಹೊಸದಲ್ಲ, ಅದನ್ನು ಚಿಕ್ಕ ಕೆರೆಗೆ ಕಟ್ಟಿದ್ದು ಜಾಣತನ. 1977ರಲ್ಲಿ ಪ್ರದರ್ಶನಕ್ಕೆ ಬಂದ ಸಾಬ್ 99 ಟರ್ಬೊದ ಶಕ್ತಿ ಬರೀ 145. ಆದರೆ ಪೂರ್ತಿ ಎಳೆತ 3,000 ಸುತ್ತಿನಲ್ಲೇ! ಮನೆಯವರೆಲ್ಲ ಕೂತು ಹೋಗುವ ಟರ್ಬೊ ಕಾರಿಗೆ ಅದೇ ಮಾದರಿಯಾಯಿತು.

ರೇಸಿನವರೂ ಕಲಿತದ್ದು ಇದನ್ನೇ. 1977ರಲ್ಲಿ ಫಾರ್ಮುಲಾ ಒನ್ನಿಗೆ ಒಂದೇ ದೊಡ್ಡ ಟರ್ಬೊ ಹೊತ್ತು ಬಂದ ರೆನೋ ಕಾರು ಪದೇ ಪದೇ ಹೊಗೆ ಉಗುಳಿ ನಿಂತು 'ಹಳದಿ ಟೀ ಪಾಟ್' ಎನಿಸಿಕೊಂಡಿತು. 1979ರಲ್ಲಿ ಅದರ ಬದಲು ಎರಡು ಚಿಕ್ಕ ಟರ್ಬೊ ಹಾಕಿದರು. ಅದೇ ವರ್ಷ ಡಿಜೋನ್‌ನಲ್ಲಿ ಗೆದ್ದರು.

ಸರಿ, ಈಗ ನಮ್ಮ ಗ್ಯಾರೇಜಿಗೆ ಬರೋಣ. 2 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್ ಇದೆ, 200 ಅಶ್ವಶಕ್ತಿ ಸಾಕು ಎನ್ನಿ. ಅಂದಾಜಿನ ಲೆಕ್ಕ ಹೀಗಿದೆ: ನಿಮಿಷಕ್ಕೆ ಒಂದು ಕಿಲೋ ಗಾಳಿಗೆ ಸುಮಾರು 22 ಅಶ್ವಶಕ್ತಿ. ಅಂದರೆ 200ಕ್ಕೆ 9 ಕಿಲೋ ಬೇಕು. ಈ ಎಂಜಿನ್ 6,000 ಸುತ್ತಿನಲ್ಲಿ ತಾನಾಗಿಯೇ ಎಳೆದುಕೊಳ್ಳುವುದು ಸುಮಾರು 6 ಕಿಲೋ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದನ್ನೂ ಸೇರಿಸಿದರೆ 0.6ರಿಂದ 0.7 ಬಾರ್ ಬೂಸ್ಟ್ ಸಾಕು. ಸಾಬ್ ಆ ಕಾಲಕ್ಕೆ ಇಟ್ಟದ್ದೂ ಇಷ್ಟೇ, 0.7!

ಈ ಕೆಲಸಕ್ಕೆ ದುಬಾರಿ ರೇಸಿಂಗ್ ಟರ್ಬೊ ಬೇಡ. ಸಾಬ್ ಬಳಸಿದ ಗ್ಯಾರೆಟ್ ಟಿ3, ಅಥವಾ ವೋಲ್ವೊ 850 ಮತ್ತು ಸುಬಾರು ಇಂಪ್ರೆಜಾಗಳಲ್ಲಿ ಬಂದ ಮಿತ್ಸುಬಿಷಿ ಟಿಡಿ04 ಸಾಕು. ಇವು ಇಷ್ಟೇ ಗಾತ್ರದ, ಇಷ್ಟೇ ಶಕ್ತಿಯ ಎಂಜಿನ್ನುಗಳಿಗೆ ಕಂಪನಿಯವರೇ ಕೋಟಿಗಟ್ಟಲೆ ಖರ್ಚು ಮಾಡಿ ಆರಿಸಿದವು. ಆ ಲೆಕ್ಕಾಚಾರ ನಮಗೆ ಬಿಟ್ಟಿ. ಟಿ3ರಲ್ಲಿ ಹೊಗೆ ಬದಿಯ ಗೂಡಿಗೆ 'ಎ/ಆರ್' ಅಂತ ಒಂದು ಸಂಖ್ಯೆ ಇರುತ್ತದೆ, .48 ಅಥವಾ .63 ಹೀಗೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಹಾಗೆ ಸಂಖ್ಯೆ ಚಿಕ್ಕದಾದಷ್ಟೂ ಟರ್ಬೊ ಬೇಗ ಏಳುತ್ತದೆ. ಊರೊಳಗೆ ಓಡಾಡುವವರಿಗೆ .48 ವಾಸಿ.

ಒಂದು ಎಚ್ಚರಿಕೆ. ನಮ್ಮ ಶಿವಾಜಿನಗರದ ಗುಜರಿಯಂಥ ಕಡೆ ಅಗ್ಗಕ್ಕೆ ಸಿಗುವ ಟರ್ಬೊಗಳಲ್ಲಿ ಡೀಸೆಲ್ ಕಾರಿನವೂ ಇರುತ್ತವೆ. ಪೆಟ್ರೋಲಿನ ಹೊಗೆ ಡೀಸೆಲ್ ಹೊಗೆಗಿಂತ ತುಂಬಾ ಬಿಸಿ. ಅದರಲ್ಲೂ ಒಳಗಿನ ರೆಕ್ಕೆಗಳು ಮಗ್ಗುಲು ಬದಲಿಸುವ 'ವೇರಿಯಬಲ್' ಟರ್ಬೊ ಡೀಸೆಲ್ ಕಾರಿನದಾದರೆ ಪೆಟ್ರೋಲ್ ಎಂಜಿನ್ನಿಗೆ ಹಾಕಲೇಬೇಡಿ. ಅಂಥದ್ದನ್ನು ಪೆಟ್ರೋಲ್ 911 ಟರ್ಬೊದಲ್ಲಿ ಬಳಸಲು 2006ರಲ್ಲಿ ಪೋರ್ಶದವರಿಗೂ ವಿಶೇಷ ಲೋಹ ಬೇಕಾಯಿತು. ಹಳೆಯದನ್ನು ಕೊಳ್ಳುವಾಗ ದಂಡವನ್ನು ಬೆರಳಿನಿಂದ ಅಲುಗಿಸಿ ನೋಡಿ. ಚಕ್ರ ಗೂಡಿಗೆ ತಾಗಿದರೆ ಬಿಟ್ಟು ಬನ್ನಿ. ಮಿಕ್ಕ ದುಡ್ಡು ಇಂಟರ್‌ಕೂಲರ್, ಆಯಿಲ್ ಪೈಪು, ಪೆಟ್ರೋಲ್ ಪೂರೈಕೆ, ಟ್ಯೂನಿಂಗ್ ಮತ್ತು ಬ್ರೇಕಿಗೆ ಇರಲಿ. ಇವೆಲ್ಲಕ್ಕೂ ಮೊದಲು ಆರ್‌ಟಿಓ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದಂತೆ ಬದಲಾಯಿಸಲು ಬಿಡುವುದಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ವಿಮೆಯವರೂ ಕಣ್ಣಿಟ್ಟಿರುತ್ತಾರೆ :-)

ದೊಡ್ಡ ಟರ್ಬೊ ಇರುವ ಕಾರು ಗೆಳೆಯರ ಮುಂದೆ ಹೇಳಿಕೊಳ್ಳಲು ಚೆನ್ನ. ಚಿಕ್ಕದಿರುವ ಕಾರು, ಎದುರಿಗೆ ಬಸ್ಸು ಬರುತ್ತಿರುವಾಗ ಕೇಳಿದ ಕ್ಷಣಕ್ಕೆ ಪಿಕಪ್ ಕೊಡುತ್ತದೆ. ದಿನಾ ಓಡಿಸುವವರಿಗೆ ಯಾವುದು ಬೇಕು, ನೀವೇ ಹೇಳಿ.