ಮಂಡಿ ಹೌಸಿನಲ್ಲಿ ಉಳಿದ ದನಿ

ಇಂಡಿಯನ್ ಓಷನ್ ತಂಡದ ಸಂಗೀತದಲ್ಲಿ ನಾವು ಮರಳಿ ಮರಳಿ ಹೋಗುವುದು ಹೆಚ್ಚು ಹೆಸರಾದ ‘ಕಂದೀಸಾ’ಕ್ಕಲ್ಲ, ಅದಕ್ಕೂ ಮೊದಲಿನ ‘ಡೆಸರ್ಟ್ ರೇನ್’ಗೆ. 1997ರ ಜನವರಿ 1ರಂದು ದೆಹಲಿಯ ಮಂಡಿ ಹೌಸ್ ಬಳಿ ಸಹಮತ್ ಸಂಸ್ಥೆಯ ಕಾರ್ಯಕ್ರಮದಲ್ಲಿ ತಂಡವು ನುಡಿಸಿದ್ದನ್ನು ಅಲ್ಲಿಯೇ ಮುದ್ರಿಸಿಕೊಂಡದ್ದು ಈ ಆಲ್ಬಮ್. ಆ ದಿನ ಆಕಸ್ಮಿಕವಾಗಿ ಒದಗಿದ್ದಲ್ಲ. 1989ರ ಅದೇ ದಿನ ಸಾಹಿಬಾಬಾದಿನ ಝಂಡಾಪುರದಲ್ಲಿ ಬೀದಿನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿಯವರ ಮೇಲೆ ಹಲ್ಲೆ ನಡೆಯಿತು. ಮರುದಿನ ಅವರು ತೀರಿಕೊಂಡರು. ಅವರ ನೆನಪಿನಲ್ಲಿ ಹುಟ್ಟಿದ ಸಂಸ್ಥೆ ಸಹಮತ್. ಆದುದರಿಂದ ಈ ಧ್ವನಿಮುದ್ರಣದ ಚಪ್ಪಾಳೆಯನ್ನು ಕೇಳುವಾಗ, ಬರಿಯ ಮನರಂಜನೆಗೆ ಬಂದ ಜನರ ಚಪ್ಪಾಳೆಯೆಂದು ನಮಗೆ ಅನ್ನಿಸುವುದಿಲ್ಲ.

ಅಂದು ವೇದಿಕೆಯ ಮೇಲೆ ಇದ್ದವರು ನಾಲ್ವರು. ಗಿಟಾರಿನಲ್ಲಿ ಸುಶ್ಮಿತ್ ಸೇನ್, ತಬಲಾ ಮತ್ತು ಗಾಯನದಲ್ಲಿ ಅಶೀಮ್ ಚಕ್ರವರ್ತಿ, ಡ್ರಮ್ಸ್‌ನಲ್ಲಿ ಅಮಿತ್ ಕಿಲಮ್, ಬಾಸ್ ಗಿಟಾರಿನಲ್ಲಿ ರಾಹುಲ್ ರಾಮ್. ಸೈಕೆಡೆಲಿಕ್ ರಾಕ್ ಎಂಬ ಹಣೆಪಟ್ಟಿ ಇವರಿಗೆ ಪೂರ್ತಿ ಒಪ್ಪದು. ಆದರೆ ಒಂದು ಸ್ವರಗುಚ್ಛವನ್ನು ಹಿಡಿದು, ಅದನ್ನೇ ಸುತ್ತಿ ಸುತ್ತಿ, ಕೇಳುಗನಿಗೆ ಕಾಲದ ಲೆಕ್ಕ ತಪ್ಪುವವರೆಗೆ ಬೆಳೆಸುವ ಆ ಪಂಥದ ಗುಣ ಇವರಲ್ಲಿ ಧಾರಾಳವಾಗಿದೆ. ರಾಗಾಲಾಪನೆಗೆ ಒಗ್ಗಿದ ಕಿವಿಗೆ ಇದೇನೂ ಹೊಸತಲ್ಲ.

ರಾಹುಲ್ ರಾಮ್ ಅವರ ತಂದೆ, ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಚ್. ವೈ. ಮೋಹನ್ ರಾಮ್, ದೊಡ್ಡಪ್ಪ, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್. ವೈ. ಶಾರದಾ ಪ್ರಸಾದ್, ಅಜ್ಜ, ಹೊಳೆನರಸೀಪುರದ ಮೂಲದ ವಾಗ್ಗೇಯಕಾರ ಯೋಗನರಸಿಂಹಂ. ‘ಇವರು ನಮ್ಮವರು’ ಎಂದು ಎದೆಯುಬ್ಬಿಸುವ ಚಾಳಿ ಹೊರನಾಡ ಕನ್ನಡಿಗರಾದ ನಮ್ಮೆಲ್ಲರಿಗೂ ಉಂಟು. ಆದರೆ ಈ ಆಲ್ಬಮಿನಲ್ಲಿ ಕನ್ನಡದ ಹಾಡಿಲ್ಲ. ಇರುವ ಹಾಡುಗಳಲ್ಲಿ ಒಂದು ‘ಬೋಲ್ ವೀವಿಲ್’: ಮೆಕ್ಸಿಕೋದಿಂದ ಬಂದು ಅಮೆರಿಕದ ಹತ್ತಿಹೊಲಗಳನ್ನು ಹಾಳುಗೆಡವಿದ ಮೂತಿಹುಳುವಿನ ಮೇಲೆ ಅಲ್ಲಿನ ಕಪ್ಪು ಜನರು ಕಟ್ಟಿದ ಜನಪದ ಗೀತೆ. ಸಸ್ಯಶಾಸ್ತ್ರಜ್ಞನ ಮಗ ಬೆಳೆಗೀಡೆಯ ಹಾಡನ್ನು ಆರಿಸಿಕೊಂಡರೆ ಅದಕ್ಕೆ ಅರ್ಥ ಹುಡುಕಬೇಕಾಗಿಲ್ಲ, ನಗಬಹುದು. ಮನೆತನದಿಂದ ಅವರಿಗೆ ಏನು ಬಂತೆಂದು ಅಳೆಯಲು ನಮ್ಮಲ್ಲಿ ತಕ್ಕಡಿಯಿಲ್ಲ. ಮುಂದೆ ಅವರ ದನಿಯಲ್ಲಿ ಮನೆಮಾತಾದ ‘ಮಾ ರೇವಾ’ ಅವರಿಗೆ ದೊರೆತದ್ದು ನರ್ಮದಾ ಬಚಾವೋ ಆಂದೋಲನದ ದಿನಗಳಲ್ಲಿ, ನದಿಯ ದಡದ ಜನರಿಂದ.

ರಾಹುಲ್ ಡಾಕ್ಟರೇಟ್ ಪಡೆದದ್ದು ಅಮೆರಿಕದ ಕಾರ್ನೆಲ್‌ನಲ್ಲಿ, ಪರಿಸರ ವಿಷಶಾಸ್ತ್ರದಲ್ಲಿ. ಅದೇ ವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ 1977ರ ಮೇ 8ರಂದು ಗ್ರೇಟ್‌ಫುಲ್ ಡೆಡ್ ತಂಡ ನಡೆಸಿದ ಕಚೇರಿಯ ಮುದ್ರಣ ರಸಿಕರ ಕೈಯಿಂದ ಕೈಗೆ ಹರಿದಾಡಿ ದಂತಕಥೆಯಾಯಿತು. ಆ ತಂಡ 1984ರಿಂದ ಟೇಪು ಮಾಡುವ ಅಭಿಮಾನಿಗಳಿಗೆ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೇ ಬಿಟ್ಟುಕೊಟ್ಟಿತ್ತು. ಈ ಔದಾರ್ಯದ ಬೆಲೆ ಆ ದಿನಗಳಲ್ಲಿ ತಿಳಿಯುವಂಥದ್ದಲ್ಲ. ಹಾಡುವವರು ಹೋದ ಮೇಲೆ ತಿಳಿಯುತ್ತದೆ.

ಅಶೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಕರೋಲ್ ಬಾಗಿನ ಹಳೆಯ ಬಂಗಲೆಯೊಂದರಲ್ಲಿ ತಂಡದ ಅಭ್ಯಾಸ ನಡೆಯುತ್ತಿತ್ತು. ಅದರ ವಿಳಾಸವನ್ನೇ ಹೆಸರಾಗಿ ಹೊತ್ತ ‘16/330 ಖಜೂರ್ ರೋಡ್’ 2010ರಲ್ಲಿ ಉಚಿತವಾಗಿ ಹೊರಬಂತು. ಅದರಲ್ಲೂ ಅವರ ದನಿಯಿದೆ. ಆದರೂ ನಮಗೆ ‘ಡೆಸರ್ಟ್ ರೇನ್’ನ ಅಶೀಮ್ ಬೇರೆ. ಕೈ ತಬಲಾದ ಮೇಲಿರುವಾಗಲೇ ಹಾಡಬೇಕು. ಲಯಕ್ಕೆ ದುಡಿಯುವ ಮೈಯಿಂದಲೇ ಉಸಿರೂ ಏಳಬೇಕು. ಸ್ಟುಡಿಯೋದಲ್ಲಾದರೆ ಎರಡನ್ನೂ ಬೇರೆಬೇರೆಯಾಗಿ ಮುದ್ರಿಸಿ ಹೊಲಿಯಬಹುದು. ಇಲ್ಲಿ ಹೊಲಿಗೆಗೆ ಅವಕಾಶವಿರಲಿಲ್ಲ.

ದೆಹಲಿಯ ಕನ್ನಡ ವೇದಿಕೆಗಳಲ್ಲಿ ನಾವು ಕೇಳಿದ ಎಷ್ಟೋ ಹಾಡುಗಾರಿಕೆ, ನಾಟಕ, ಕವಿಗೋಷ್ಠಿಗಳನ್ನು ಮುದ್ರಿಸಿದ ಕ್ಯಾಸೆಟ್ಟುಗಳು ಅಟ್ಟದ ಪೆಟ್ಟಿಗೆಗಳಲ್ಲಿವೆ. ಒಂದೊಂದು ಬೇಸಗೆಗೂ ಅವುಗಳ ಟೇಪು ಇಷ್ಟಿಷ್ಟೇ ಸವೆಯುತ್ತಿದೆ. ನುಡಿಸುವ ಯಂತ್ರಗಳೂ ಮನೆಗಳಿಂದ ಕಾಣೆಯಾಗುತ್ತಿವೆ. ಹೆಸರಾಂತರದ್ದಲ್ಲದ ಆ ದನಿಗಳಿಗೆ ಎರಡನೆಯ ಪ್ರತಿ ಎಲ್ಲಿಯೂ ಇಲ್ಲ.