ಸೆರೆಮನೆಯ ಚಕ್ರ ಮನೆಗೆ ಬಂದ ಕಥೆ

ನೆರೆಮನೆಯವರು ಟ್ರೆಡ್‌ಮಿಲ್ ಕೊಂಡಿದ್ದಾರೆ. ದಿನವೂ ಬೆಳಗ್ಗೆ ಅದರ ಮೇಲೆ ನಡೆದು, ನಡೆದಷ್ಟೂ ಇದ್ದಲ್ಲಿಯೇ ಇದ್ದು, ಬೆವರೊರೆಸಿಕೊಂಡು ತೃಪ್ತರಾಗಿ ಇಳಿಯುತ್ತಾರೆ. ಆ ಹೆಸರಿನ ಪೂರ್ವಾಶ್ರಮವನ್ನು ಅವರಿಗೆ ತಿಳಿಸಲು ನನಗಿನ್ನೂ ಧೈರ್ಯ ಬಂದಿಲ್ಲ. ಅದು ಸೆರೆಮನೆಯಿಂದ ಬಂದ ಹೆಸರು.

ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಹಿಟ್ಟಿನ ಗಿರಣಿಯವನ ಮಗ. ಬರಿ ಸೇಂಟ್ ಎಡ್ಮಂಡ್ಸ್ ಊರಿನ ಕೈದಿಗಳು ಸುಮ್ಮನೆ ಕುಳಿತಿದ್ದುದನ್ನು ಕಂಡು, 1818ರ ಸುಮಾರಿನಲ್ಲಿ ಅವನಿಗೆ ಈ ಉಪಾಯ ಹೊಳೆಯಿತಂತೆ. ಉದ್ದನೆಯ ಪೀಪಾಯಿಯಂಥ ಚಕ್ರ, ಅದರ ಮೈಸುತ್ತ ಮೆಟ್ಟಿಲು. ಕೈದಿಗಳು ಕಂಬಿ ಹಿಡಿದು ಸಾಲಾಗಿ ನಿಂತು ಏರಬೇಕು, ಏರಿದ ಮೆಟ್ಟಿಲು ಕೆಳಗೆ ಸರಿಯುತ್ತದೆ, ಮತ್ತೊಂದನ್ನು ಏರಬೇಕು. ಹೀಗೆ ದಿನಕ್ಕೆ ಆರು ಗಂಟೆ, ಕೆಲವೆಡೆ ಇನ್ನೂ ಹೆಚ್ಚು. ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಗೆ 1821ರಲ್ಲಿ ಬಂದ ಚಕ್ರ ಧಾನ್ಯವನ್ನಾದರೂ ಬೀಸುತ್ತಿತ್ತು. ಬೀಸಲು ಏನೂ ಇಲ್ಲದ ಕಡೆ ಚಕ್ರಕ್ಕೆ ಬರಿಯ ರೆಕ್ಕೆಗಳನ್ನು ಜೋಡಿಸಿದರು. ಕೈದಿಗಳು ಅದನ್ನು ಗಾಳಿ ಬೀಸುವುದೆಂದು ಕರೆದರು. ರಾಗಿ ಬೀಸುವ ಅರ್ಥದಲ್ಲಿ. ನಮ್ಮ ಗಾಣದ ಎತ್ತಿಗೆ ಹಿಂಡಿಯಾದರೂ ದೊರೆಯುತ್ತಿತ್ತು!

ಜಮೈಕದ ಕಥೆ ಇನ್ನೂ ಕಹಿ. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಅಪ್ರೆಂಟಿಸ್ ಎಂಬ ಹೊಸ ಹೆಸರಿನಲ್ಲಿ ಅದೇ ಜನ ಅದೇ ತೋಟಗಳಲ್ಲಿ ದುಡಿಯಬೇಕಾಯಿತು. ಒಡೆಯನ ಕೈಯ ಚಾವಟಿಯನ್ನು ಕಾನೂನು ಕಿತ್ತುಕೊಂಡಿತ್ತು. ಅದರ ಜಾಗಕ್ಕೆ ಚಕ್ರ ಬಂತು. ಹೆಂಗಸರನ್ನೂ ಅದಕ್ಕೆ ಹತ್ತಿಸಿದರು.

1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಗುರಿಯಾದ ಆಸ್ಕರ್ ವೈಲ್ಡ್ ಕೂಡ ಪೆಂಟನ್‌ವಿಲ್ ಸೆರೆಮನೆಯಲ್ಲಿ ಈ ಚಕ್ರವನ್ನು ತುಳಿದ. 1898ರ ಕಾರಾಗೃಹ ಕಾಯಿದೆಯ ಅನಂತರ ಚಕ್ರಗಳು ಮೂಲೆ ಸೇರಿದವು. ಹೆಸರು ಮಾತ್ರ ಉಳಿಯಿತು.

ಅದೇ ಹೆಸರಿನ, ಬೇರೆ ರೂಪದ ಯಂತ್ರಕ್ಕೆ ಮಾನ ತಂದವರು ವೈದ್ಯರು. ಮಲಗಿದ ರೋಗಿಯ ಹೃದಯ ತನ್ನ ಕುಂದನ್ನು ಬಾಯಿಬಿಟ್ಟು ಹೇಳುವುದಿಲ್ಲ, ದುಡಿಸಿದಾಗ ಹೇಳುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಡಾ. ರಾಬರ್ಟ್ ಬ್ರೂಸ್ ಮತ್ತು ಎಂಜಿನಿಯರ್ ವೇಯ್ನ್ ಕ್ವಿಂಟನ್ 1952ರ ಹೊತ್ತಿಗೆ ಓಡುವ ಪಟ್ಟಿಯನ್ನು ಹೃದಯಪರೀಕ್ಷೆಗೆ ಅಣಿಗೊಳಿಸಿದರು. ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುವ ಬ್ರೂಸರ ಕ್ರಮವೇ ಇಂದಿಗೂ ನಮ್ಮ ಆಸ್ಪತ್ರೆಗಳ ಟಿ.ಎಂ.ಟಿ. ಪರೀಕ್ಷೆಯಲ್ಲಿ ಬಳಕೆಯಲ್ಲಿದೆ.

ಮನೆಯೊಳಕ್ಕೆ ಅದನ್ನು ತಂದವರು ನ್ಯೂ ಜೆರ್ಸಿಯ ವಿಲಿಯಂ ಸ್ಟಾಬ್. ಡಾ. ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ 1968ರಲ್ಲಿ ಹೊರಬಂದಿತ್ತು. ವಾರಕ್ಕೆ ನಾಲ್ಕೈದು ಸಲ, ಎಂಟು ನಿಮಿಷಕ್ಕೊಂದು ಮೈಲಿ ಓಡಿದರೆ ದೇಹ ಗಟ್ಟಿಯಾದೀತೆಂಬ ಮಾತು ಸ್ಟಾಬರ ಮನಸ್ಸನ್ನು ಹಿಡಿಯಿತು. ಮಳೆಯಲ್ಲಿ, ಹಿಮದಲ್ಲಿ ಓಡುವುದೆಲ್ಲಿ? ಉರುಳೆಗಳ ಮೇಲೆ ಪಟ್ಟಿ ಹೂಡಿ, ಮನೆಯಲ್ಲಿಡಬಹುದಾದ ಅಗ್ಗದ ಯಂತ್ರವೊಂದನ್ನು ಕಟ್ಟಿದರು. 2012ರಲ್ಲಿ ಅವರು ತೀರಿಕೊಂಡಾಗ ವಯಸ್ಸು 96.

ನಿನ್ನೆ ನೆರೆಮನೆಯವರು ಯಂತ್ರವನ್ನು ತೋರಿಸಿದರು. ಅಂಗಿಗೆ ಸಿಕ್ಕಿಸಿಕೊಳ್ಳಲು ಕೆಂಪು ದಾರವೊಂದಿದೆ. ಕಾಲು ಜಾರಿದರೆ ಅದು ಕಳಚಿ ಪಟ್ಟಿ ತಾನೇ ನಿಲ್ಲುತ್ತದೆ. ಈ ಹೊತ್ತು ಎಷ್ಟು ನಡೆದಿರಿ ಎಂದು ಕೇಳಿದೆ.

“ಇಪ್ಪತ್ತು ನಿಮಿಷ. ಸಾಕೆನಿಸಿತು, ನಿಲ್ಲಿಸಿಬಿಟ್ಟೆ” ಎಂದರು.