ಪೈಲಟ್ ಹೆಸರು ಗೊತ್ತು, ಪ್ಲಗ್ ಬಿಚ್ಚಿದವನ ಹೆಸರು?

ಬೆಳ್ಳಂದೂರು ಕೆರೆ ಅಂದ್ರೆ ನಿಮ್ಗೆ ನೊರೆ, ಬೆಂಕಿ, ಟ್ರಾಫಿಕ್ ನೆನಪಾಗುತ್ತೆ ಅಲ್ವಾ? ಎರಡನೇ ಮಹಾಯುದ್ಧದ ಟೈಮಲ್ಲಿ ಅದೇ ಕೆರೆ ಮೇಲೆ ವಿಮಾನ ಇಳೀತಿತ್ತು! ಕ್ಯಾಟಲಿನಾ ಅಂತ, ನೀರಲ್ಲೇ ಇಳಿದು ನೀರಿಂದಲೇ ಏಳೋ ವಿಮಾನ. ಬರ್ತಿದ್ದದ್ದು ಪಕ್ಕದ ಎಚ್‌ಎಎಲ್‌ಗೆ, ರಿಪೇರಿಗೆ.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಂಪನಿ ಅದು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆ ಕೈಗೆ ಹೋಯ್ತು. ಹೊಸ ಹೆಸರು 84ನೇ ಏರ್ ಡಿಪೋ.

ಅಮೆರಿಕದವರಿಗೆ ಇಲ್ಲೇನು ಕೆಲಸ ಅಂತೀರಾ? 1942ರಲ್ಲಿ ಜಪಾನ್ ಬರ್ಮಾ ಹಿಡಿದು, ಚೀನಾಕ್ಕೆ ಹೋಗೋ ರಸ್ತೆ ಮುಚ್ಚಿಹಾಕ್ತು. ಉಳಿದಿದ್ದು ಆಕಾಶ ಮಾತ್ರ. ಅಸ್ಸಾಂನಿಂದ ಹಿಮಾಲಯದ ಅಂಚು ದಾಟಿ ಕುನ್‌ಮಿಂಗ್‌ಗೆ. ಆ ದಾರಿಗೆ ಪೈಲಟ್‌ಗಳು ಇಟ್ಟ ಹೆಸರು ‘ಹಂಪ್’, ಅಂದ್ರೆ ಡುಬ್ಬ (ನಮ್ ಹಂಪಿ ಅಲ್ಲಪ್ಪ!). 1945ರ ಹೊತ್ತಿಗೆ ಸುಮಾರು 6.5 ಲಕ್ಷ ಟನ್ ಸಾಮಾನು ಹೀಗೇ ಹೋಯ್ತು.

👉 ಈಗ ಕೆಳಗಿದ್ದವರ ಕಥೆ.

ಅಸ್ಸಾಂನ ಏರ್‌ಫೀಲ್ಡ್‌ಗಳಲ್ಲಿ ಎಷ್ಟೋ ಕಡೆ ಬಯಲಲ್ಲೇ ಕೆಲಸ. ಮಳೆಗಾಲದಲ್ಲಿ ಕೆಸರು. ಬೇಸಿಗೆ ಮಧ್ಯಾಹ್ನ ವಿಮಾನದ ತಗಡು ಮುಟ್ಟೋಕೂ ಆಗದಷ್ಟು ಸುಡ್ತಿತ್ತು, ಅದಕ್ಕೇ ಸುಮಾರು ರಿಪೇರಿ ರಾತ್ರಿ ಹೊತ್ತು.

ಎಷ್ಟೋ ಬೈಕ್‌ಗಳಿಗೆ ಒಂದೇ ಸ್ಪಾರ್ಕ್ ಪ್ಲಗ್ ಇರುತ್ತೆ. ಡಕೋಟಾ ವಿಮಾನಕ್ಕೆ ಎರಡು ಎಂಜಿನ್, ಒಂದೊಂದಕ್ಕೆ 14 ಸಿಲಿಂಡರ್, ಸಿಲಿಂಡರಿಗೆ 2 ಪ್ಲಗ್. ಒಟ್ಟು 56! ಇಷ್ಟು ಗಂಟೆ ಹಾರಿದ ಮೇಲೆ ಎಂಜಿನ್ನೇ ಇಳಿಸಿ, ಪೂರ್ತಿ ಬಿಚ್ಚಿ, ತೊಳೆದು, ಸವೆತ ಅಳೆದು, ಬಿರುಕು ಹುಡುಕಿ, ಮತ್ತೆ ಜೋಡಿಸಿ ಓಡಿಸಿ ನೋಡಬೇಕು. ಅಂಥ ದೊಡ್ಡ ಕೆಲಸಕ್ಕೆ ಬೆಂಗಳೂರಿನ ಡಿಪೋ. ಅಲ್ಲಿ ಸ್ಪ್ಯಾನರ್ ಹಿಡಿದವರು ನಮ್ಮೋರೇ, ಸಾವಿರಾರು ಜನ. ಒಂದು ನಟ್ ಸಡಿಲ ಬಿಟ್ರೆ ಬೆಟ್ಟದ ಮೇಲೆ ಯಾರದೋ ಜೀವ ಹೋಗುತ್ತೆ. ಆ ರೂಟಲ್ಲಿ 500ಕ್ಕೂ ಹೆಚ್ಚು ವಿಮಾನ ವಾಪಸ್ ಬರಲೇ ಇಲ್ಲ.

ಯುದ್ಧ ಮುಗೀತು, ಅಮೆರಿಕದವರು ಹೋದ್ರು. ಕೈಗೆ ಹತ್ತಿದ ವಿದ್ಯೆ ಇಲ್ಲೇ ಉಳೀತು. ಕಾನ್ಪುರದಲ್ಲಿ ಬ್ರಿಟಿಷರು ಬೇಕಂತಲೇ ಹಾಳು ಮಾಡಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳು ಬಿದ್ದಿದ್ವು. ಎಚ್‌ಎಎಲ್‌ನವರು ಅವನ್ನ ಹಾರೋ ಮಟ್ಟಿಗೆ ರಿಪೇರಿ ಮಾಡಿದ್ರು. ಪೈಲಟ್ ಜಿಮ್ಮಿ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದ್ರು. ಇಲ್ಲಿ ಪೂರ್ತಿ ಹೊಸದು ಮಾಡಿ, 1948ರಲ್ಲಿ ವಾಯುಸೇನೆಯ 5ನೇ ಸ್ಕ್ವಾಡ್ರನ್ ಶುರುವಾಗಿದ್ದು ಅವುಗಳಿಂದಲೇ. ಕೊನೇ ಲಿಬರೇಟರ್‌ಗಳು ಸೇವೆಯಿಂದ ಇಳಿದಿದ್ದು 1968ರಲ್ಲಿ. ಗುಜರಿ ಅಂದಿದ್ದು 20 ವರ್ಷ ಹಾರ್ತು!

ನೋಡಿ, ಮುನ್ಷಿ ಹೆಸರು ಚರಿತ್ರೆಯಲ್ಲಿದೆ, ಇರಲೇಬೇಕು. ಆದ್ರೆ ಆ ವಿಮಾನ ಏಳೋ ಹಾಗೆ ಮಾಡಿದ ಫಿಟ್ಟರ್‌ಗಳು? ‘ಸಿಬ್ಬಂದಿ’ ಅನ್ನೋ ಒಂದೇ ಪದದೊಳಗೆ ಮುಗಿದುಹೋದ್ರು. ದೊಡ್ಡೇರಿ, ಮಧುಗಿರಿ, ಶಿರಾ, ಪಾವಗಡ ಕಡೆಯ ಗೆಳೆಯರೇ, ನಿಮ್ಮನೇಲಿ ಹಿರಿಯರು ಯಾರಾದ್ರೂ ‘ಫ್ಯಾಕ್ಟ್ರಿ ಕೆಲಸ’ ಅಂತ ಬೆಂಗಳೂರಿಗೆ ಹೋಗಿದ್ರಾ? ಯಾವ ಫ್ಯಾಕ್ಟ್ರಿ, ಯಾವ ಸೆಕ್ಷನ್ ಅಂತ ಈ ಭಾನುವಾರ ಕೇಳಿ, ಬರೆದಿಟ್ಕೊಳ್ಳಿ. ಅವರು ಇರೋವಾಗ್ಲೇ.

#ನಮ್ಮಚರಿತ್ರೆ #ಎಚ್‌ಎಎಲ್ #ದೊಡ್ಡೇರಿ